ಊರೇ ಕಲಿಸುವ ಡಾಕ್ಟರಿಕೆ

ಎಂಬಿಬಿಎಸ್ ಓದುವ ಮಕ್ಕಳು ಹಳ್ಳಿಯ ಮನೆಗಳನ್ನು ‘ದತ್ತು’ ಪಡೆದು ಭೇಟಿ ಕೊಡಲು ನಮ್ಮ ಪಠ್ಯಕ್ರಮ ಇಟ್ಟಿರುವುದು ಒಟ್ಟು 78 ಗಂಟೆ. ಆಸ್ಟ್ರೇಲಿಯಾದ ನದಿದಂಡೆಯ ಕೆಲವು ಊರುಗಳು ಅಂಥ ಮಕ್ಕಳನ್ನು ಇಡೀ ವರ್ಷ ತಮ್ಮಲ್ಲೇ ಇರಿಸಿಕೊಂಡವು. ಪರೀಕ್ಷೆಯಲ್ಲಿ ಅವರು ಹಿಂದೆ ಬೀಳಲಿಲ್ಲ, ಮುಂದೆ ಹೋದರು.

ರಾತ್ರಿ ಎರಡು ಗಂಟೆಗೆ ಫೋನು. ‘ನೀನು ನೋಡುತ್ತಿದ್ದೆಯಲ್ಲ, ಅವರು ಬಂದಿದ್ದಾರೆ. ನೋವು ಶುರುವಾಗಿದೆ’ ಎನ್ನುತ್ತಾರೆ ಆಸ್ಪತ್ರೆಯ ನರ್ಸ್. ವೈದ್ಯಕೀಯ ವಿದ್ಯಾರ್ಥಿನಿ ಸ್ವೆಟರ್ ಏರಿಸಿಕೊಂಡು ಹೊರಡುತ್ತಾಳೆ. ಜೂನ್ ತಿಂಗಳ ಚಳಿ. ದಾರಿಯ ಎರಡೂ ಬದಿಗೆ ಕಿತ್ತಳೆ ತೋಟ, ಎಲೆ ಉದುರಿದ ದ್ರಾಕ್ಷಿ ಬಳ್ಳಿ, ಅದರಾಚೆ ಮರ್ರಿ ನದಿ.

ಹೆರಿಗೆ ಕೋಣೆಯಲ್ಲಿರುವ ಹೆಂಗಸು ಈಕೆಗೆ ಹೊಸಬರಲ್ಲ. ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ, ಅವರಿಗೆ ಐದು ತಿಂಗಳು ತುಂಬಿದ್ದಾಗ, ಕ್ಲಿನಿಕ್ಕಿನಲ್ಲಿ ಬಿ.ಪಿ. ನೋಡಿದವಳು ಈಕೆಯೇ. ಆಮೇಲಿನ ಪ್ರತಿ ತಪಾಸಣೆಗೂ ಇದ್ದಳು. ಈಗ ಕೈಗವಸು ತೊಟ್ಟು, ಡಾಕ್ಟರ ಪಕ್ಕದಲ್ಲಿ ನಿಂತು, ಹೊರಬರುತ್ತಿರುವ ಮಗುವಿನ ತಲೆಗೆ ಅಂಗೈ ಆನಿಸುತ್ತಾಳೆ. ವಾರ ಕಳೆದ ಮೇಲೆ ‘ಹಾಲು ಸಾಲುತ್ತಿಲ್ಲವೇನೋ’ ಎಂದು ತಾಯಿ ಬರುವುದು ಇವಳ ಬಳಿಗೆ. ಎರಡನೇ ತಿಂಗಳಿನ ಲಸಿಕೆಗೂ ಇವಳಿರುತ್ತಾಳೆ, ನಾಲ್ಕನೇ ತಿಂಗಳಿನದಕ್ಕೂ ಇರುತ್ತಾಳೆ. ವರ್ಷ ಮುಗಿದು ಇವಳು ಊರು ಬಿಡುವ ಹೊತ್ತಿಗೆ ಮಗು ಬೋರಲು ಬಿದ್ದು ತಲೆಯೆತ್ತಿ ನಗುತ್ತಿರುತ್ತದೆ.

ಇದು ಯಾರೋ ಒಬ್ಬಳ ಕಥೆಯಲ್ಲ. ದಕ್ಷಿಣ ಆಸ್ಟ್ರೇಲಿಯಾದ ರಿವರ್‌ಲ್ಯಾಂಡ್ ಸೀಮೆಯಲ್ಲಿ ಉಳಿದು ಓದುವ ವೈದ್ಯಕೀಯ ವಿದ್ಯಾರ್ಥಿಗಳ ವರ್ಷ ಸುಮಾರಾಗಿ ಹೀಗೆಯೇ ಸಾಗುತ್ತದೆ.

ನೀಟ್ ಕೌನ್ಸೆಲಿಂಗ್ ಮುಗಿದು ಹೊಸ ಬ್ಯಾಚುಗಳು ಕಾಲೇಜು ಸೇರುವ ಹೊತ್ತಿನಲ್ಲಿ ನಮ್ಮಲ್ಲಿ ನಡೆಯುವ ಮಾತೆಲ್ಲ ಸೀಟಿನ ಸುತ್ತಲಿನದು. ಸರ್ಕಾರಿ ಸೀಟೇ, ಮ್ಯಾನೇಜ್‌ಮೆಂಟ್ ಸೀಟೇ, ಫೀಸೆಷ್ಟು, ಕಟಾಫ್ ಎಲ್ಲಿಗೆ ನಿಂತಿತು. ಸೀಟು ಸಿಕ್ಕ ಮಗು ಎಲ್ಲಿ ಕುಳಿತು, ಯಾರನ್ನು ನೋಡುತ್ತಾ ಡಾಕ್ಟರಾಗುತ್ತದೆ ಎಂದು ಕೇಳುವವರು ಕಡಿಮೆ. ಹಳ್ಳಿಗೆ ಡಾಕ್ಟರು ಯಾಕೆ ಬರುವುದಿಲ್ಲ ಎಂಬ ಹಳೆಯ ದೂರಿಗೆ ಉತ್ತರದ ಬಹುಪಾಲು ಈ ಕೇಳದ ಪ್ರಶ್ನೆಯಲ್ಲಿದೆ ಎಂಬುದು ನನ್ನ ನಂಬಿಕೆ.

ಎಂಟು ಮಂದಿ, ಐದು ಊರು

ಅಡಿಲೇಡ್ ನಗರದಿಂದ ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿ, ಈಶಾನ್ಯಕ್ಕೆ, ಮರ್ರಿ ನದಿಯ ನೀರಾವರಿಯಲ್ಲಿ ಬೆಳೆದ ಸಣ್ಣ ಪಟ್ಟಣಗಳಿವೆ: ಬೆರಿ, ರೆನ್‌ಮಾರ್ಕ್, ಬಾರ್ಮೆರಾ, ಲಾಕ್ಸ್‌ಟನ್, ವೈಕೆರಿ. ಡಾಕ್ಟರು ಬರುವುದಿಲ್ಲ, ಬಂದವರು ನಿಲ್ಲುವುದಿಲ್ಲ ಎಂಬ ಗೋಳು ಅಲ್ಲೂ ಇತ್ತು. 1997ರಲ್ಲಿ ಫ್ಲಿಂಡರ್ಸ್ ವಿಶ್ವವಿದ್ಯಾಲಯ ತನ್ನ ಮೂರನೇ ವರ್ಷದ ಎಂಟು ವಿದ್ಯಾರ್ಥಿಗಳನ್ನು ಈ ಊರುಗಳಿಗೆ ಕಳಿಸಿತು. ಕಳಿಸಿದ್ದು ಶಿಬಿರಕ್ಕಲ್ಲ, ಪ್ರವಾಸಕ್ಕೂ ಅಲ್ಲ. ಇಡೀ ವರ್ಷ ಅಲ್ಲೇ ಮನೆ ಮಾಡಿಕೊಂಡಿದ್ದು, ನಗರದ ಸಹಪಾಠಿಗಳು ಓದುವುದನ್ನೇ ಓದಿ, ಅದೇ ಪರೀಕ್ಷೆ ಬರೆಯಬೇಕು. ಈ ಪ್ರಯೋಗದ ಮುಂಚೂಣಿಯಲ್ಲಿದ್ದವರು ಗ್ರಾಮೀಣ ವೈದ್ಯರೂ ಅಧ್ಯಾಪಕರೂ ಆದ ಪಾಲ್ ವರ್ಲಿ.

ಏನಿದರಲ್ಲಿ ವಿಶೇಷ ಎಂದು ತಿಳಿಯಬೇಕಾದರೆ ಮಾಮೂಲಿ ಪದ್ಧತಿ ಹೇಗಿದೆ ಎಂದು ನೋಡಬೇಕು. ದೊಡ್ಡ ಆಸ್ಪತ್ರೆಯಲ್ಲಿ ಕಲಿಯುವ ಹುಡುಗ ಆರೇಳು ವಾರ ಸರ್ಜರಿ ವಾರ್ಡು, ಆಮೇಲೆ ಅಷ್ಟೇ ವಾರ ಮಕ್ಕಳ ವಾರ್ಡು, ಆಮೇಲೆ ಹೆರಿಗೆ ವಾರ್ಡು ಎಂದು ಸುತ್ತುತ್ತಾನೆ. ನಮ್ಮಲ್ಲಿ ‘ಪೋಸ್ಟಿಂಗ್’ ಎನ್ನುವುದು ಇದನ್ನೇ. ಸರ್ಜರಿ ಪೋಸ್ಟಿಂಗಿನಲ್ಲಿ ಹರ್ನಿಯಾ ಆಪರೇಷನ್ ನೋಡುತ್ತಾನೆ. ಆ ಮನುಷ್ಯ ಮನೆಗೆ ಹೋಗಿ ಹೇಗಿದ್ದಾನೆ, ಮತ್ತೆ ಮೂಟೆ ಹೊರಲು ಶುರು ಮಾಡಿದನೇ ಎಂಬುದು ಗೊತ್ತಾಗುವ ಮೊದಲೇ ಹುಡುಗ ಮಕ್ಕಳ ವಾರ್ಡಿಗೆ ದಾಟಿರುತ್ತಾನೆ. ಕಲಿಸುವವರು ಬದಲಾಗುತ್ತಾರೆ, ರೋಗಿಗಳು ಬದಲಾಗುತ್ತಾರೆ, ಕಟ್ಟಡ ಮಾತ್ರ ಅದೇ.

ರಿವರ್‌ಲ್ಯಾಂಡಿನಲ್ಲಿ ಪೋಸ್ಟಿಂಗುಗಳೇ ಇರಲಿಲ್ಲ. ಬೆಳಿಗ್ಗೆ ಕ್ಲಿನಿಕ್ಕಿಗೆ ಬಂದವರಲ್ಲಿ ಒಬ್ಬರಿಗೆ ಎದೆನೋವು, ಇನ್ನೊಬ್ಬರು ಬಸುರಿ, ಮತ್ತೊಬ್ಬ ಪಂಪಿನ ಬೆಲ್ಟಿಗೆ ಬೆರಳು ಸಿಕ್ಕಿಸಿಕೊಂಡವ, ಆಮೇಲೆ ನಿದ್ದೆ ಬರುತ್ತಿಲ್ಲ ಎಂದು ಬಂದ ರೈತ. ಮೆಡಿಸಿನ್, ಸರ್ಜರಿ, ಹೆರಿಗೆ, ಮನೋರೋಗ ಎಲ್ಲವೂ ಒಂದೇ ಬೆಳಿಗ್ಗೆ ಒಂದೇ ಬಾಗಿಲಿನಿಂದ ಒಳಬಂದವು. ಸಾಲಾಗಿ ಕಲಿಯುವ ಬದಲು ಎಲ್ಲವನ್ನೂ ಜೊತೆಜೊತೆಗೆ ಕಲಿಯುವುದು ಎಂಬ ಅರ್ಥದಲ್ಲಿ ಇದಕ್ಕೆ ‘ಪ್ಯಾರಲಲ್ ರೂರಲ್ ಕಮ್ಯುನಿಟಿ ಕರಿಕ್ಯುಲಮ್’ ಎಂದು ಹೆಸರಿಟ್ಟರು.

ಕಲಿಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ಲಿನಿಕ್ಕಿನಲ್ಲಿ ವಿದ್ಯಾರ್ಥಿಗೂ ತನ್ನದೇ ಒಂದು ಕೋಣೆ. ಒಂದು ಮೇಜು, ಪರೀಕ್ಷೆಯ ಮಂಚ, ಬಿ.ಪಿ. ಯಂತ್ರ. ಒಪ್ಪಿದ ರೋಗಿ ಮೊದಲು ಅಲ್ಲಿಗೆ ಹೋಗುತ್ತಾರೆ. ವಿದ್ಯಾರ್ಥಿ ನಿಧಾನವಾಗಿ ಕೇಳುತ್ತಾನೆ, ಮುಟ್ಟಿ ನೋಡುತ್ತಾನೆ, ತನಗೆ ತೋಚಿದ್ದನ್ನು ಬರೆದುಕೊಳ್ಳುತ್ತಾನೆ. ಅಷ್ಟರಲ್ಲಿ ಡಾಕ್ಟರು ಪಕ್ಕದ ಕೋಣೆಯಲ್ಲಿ ಬೇರೆ ರೋಗಿಗಳನ್ನು ನೋಡುತ್ತಿರುತ್ತಾರೆ. ಆಮೇಲೆ ಒಳಬಂದು ಕುಳಿತು ‘ಹೇಳು’ ಎನ್ನುತ್ತಾರೆ. ರೋಗಿಯ ಎದುರೇ ವಿದ್ಯಾರ್ಥಿ ವರದಿ ಒಪ್ಪಿಸಬೇಕು. ತಪ್ಪಾದರೆ ರೋಗಿಯೇ ತಿದ್ದುತ್ತಾರೆ: ‘ಇಲ್ಲಪ್ಪ, ಮಾತ್ರೆ ಬಿಟ್ಟದ್ದು ಮೊದಲು, ತಲೆಸುತ್ತು ಬಂದದ್ದು ಆಮೇಲೆ.’ ಏನು ಮಾಡೋಣ ಎಂದು ಡಾಕ್ಟರು ವಿದ್ಯಾರ್ಥಿಯನ್ನೇ ಮೊದಲು ಕೇಳುತ್ತಾರೆ.

ಈ ಏರ್ಪಾಡಿನ ಚೆಂದ ಏನೆಂದರೆ ಡಾಕ್ಟರ ಕೆಲಸ ನಿಲ್ಲುವುದಿಲ್ಲ. ಮೊದಲ ಕೆಲವು ತಿಂಗಳು ವಿದ್ಯಾರ್ಥಿ ಹೊರೆಯೇ. ಕೈ ಪಳಗಿದ ಮೇಲೆ ಗಾಯ ಹೊಲಿಯುವುದು, ಡಯಾಬಿಟಿಸ್ ರೋಗಿಗಳ ಕಾಲು ನೋಡುವುದು, ಆಸ್ಪತ್ರೆ ಸೇರಿದವರನ್ನು ಸಂಜೆ ಮತ್ತೊಮ್ಮೆ ವಿಚಾರಿಸುವುದು ಎಲ್ಲಕ್ಕೂ ಅವನೇ ಕೈನೆರವು. ನಗರದ ವಾರ್ಡಿನಲ್ಲಿ ಅದೇ ವಿದ್ಯಾರ್ಥಿ ಪ್ರೊಫೆಸರು, ಅಸಿಸ್ಟೆಂಟ್, ಪಿಜಿ, ಹೌಸ್ ಸರ್ಜನ್ ಎಲ್ಲರ ಹಿಂದೆ ಐದನೇ ಸಾಲಿನಲ್ಲಿ ಕತ್ತು ಚಾಚಿಕೊಂಡು ನಿಂತಿರುತ್ತಿದ್ದ. ಮುಟ್ಟುವ ಸರದಿ ಅವನವರೆಗೆ ಬರುವುದೇ ಅಪರೂಪ.

ಬಾಕ್ಸ್: ಸಾವಿರದಲ್ಲಿ ಒಬ್ಬರು
*1961ರಲ್ಲಿ ಅಮೆರಿಕದ ವೈದ್ಯ ಕೆರ್ ವೈಟ್ ಮತ್ತು ಸಂಗಡಿಗರು ಒಂದು ಲೆಕ್ಕ ಹಾಕಿದರು. ಅಮೆರಿಕ ಮತ್ತು ಬ್ರಿಟನ್ನಿನ ಅಂಕಿಗಳ ಮೇಲೆ ಮಾಡಿದ ಅಂದಾಜು ಅದು. ಸಾವಿರ ವಯಸ್ಕರಲ್ಲಿ ಒಂದು ತಿಂಗಳಲ್ಲಿ 750 ಮಂದಿಗೆ ಏನಾದರೊಂದು ಕಾಯಿಲೆಯೋ ಪೆಟ್ಟೋ ಆಗುತ್ತದೆ. 250 ಮಂದಿ ಡಾಕ್ಟರ ಬಳಿ ಹೋಗುತ್ತಾರೆ. 9 ಮಂದಿ ಆಸ್ಪತ್ರೆ ಸೇರುತ್ತಾರೆ. ವಿಶ್ವವಿದ್ಯಾಲಯದ ದೊಡ್ಡ ಬೋಧನಾ ಆಸ್ಪತ್ರೆಯವರೆಗೆ ಹೋಗುವುದು ಒಬ್ಬರು. ವೈದ್ಯಕೀಯ ವಿದ್ಯಾರ್ಥಿ ಕಲಿಯುವುದು ಆ ಒಬ್ಬರಿಂದ. ಮುಂದೆ ನೋಡಬೇಕಾಗಿರುವುದು ಉಳಿದ 249 ಮಂದಿಯನ್ನು.*

ಅಂಕಪಟ್ಟಿ ಹೇಳಿದ್ದು

ಮೊದಲ ವರ್ಷ ಎಲ್ಲರಿಗೂ ಅಳುಕಿತ್ತು. ದೊಡ್ಡ ಪ್ರೊಫೆಸರುಗಳ ರೌಂಡ್ಸ್ ಇಲ್ಲದೆ, ಅಪರೂಪದ ಕೇಸುಗಳಿಲ್ಲದೆ ಮಕ್ಕಳು ಹಿಂದೆ ಬಿದ್ದರೆ? ಉತ್ತರ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ವರ್ಲಿ ಮತ್ತು ಸಂಗಡಿಗರು ಹಲವು ಬ್ಯಾಚುಗಳ ಅಂಕಗಳನ್ನು ಹೋಲಿಸಿ ನೋಡಿದ್ದರು. ಊರುಗಳಲ್ಲಿ ಕಲಿತವರ ಅಂಕ ಆ ವರ್ಷ ನಗರದ ಬೋಧನಾ ಆಸ್ಪತ್ರೆಯಲ್ಲೇ ಉಳಿದವರಿಗಿಂತ ಹೆಚ್ಚು ಏರಿತ್ತು.

ಯಾಕೆ ಏರಿತು ಎಂಬುದಕ್ಕೆ ನನಗೆ ಕಾಣುವ ಕಾರಣ ಸರಳ. ಕಾಯಿಲೆಗೆ ಒಂದು ಆದಿ ಇದೆ, ನಡು ಇದೆ, ಆಮೇಲಿನದು ಎಂಬುದೂ ಇದೆ. ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ ಸಿಕ್ಕುವುದು ನಡು ಮಾತ್ರ. ಅದೂ ಬೇರೆ ಯಾರೋ ರೋಗ ಗುರುತಿಸಿ, ಕೇಸ್ ಶೀಟಿನ ಮೇಲೆ ಹೆಸರು ಬರೆದ ಮೇಲೆ. ಊರಲ್ಲಿ ರೋಗಿ ಹೆಸರಿಲ್ಲದ ಸಂಕಟದೊಂದಿಗೆ ಬರುತ್ತಾನೆ. ಹೆಸರು ಹುಡುಕುವುದೇ ಕಲಿಕೆ. ನಿನ್ನೆ ಕೊಟ್ಟ ಮಾತ್ರೆ ಕೆಲಸ ಮಾಡದಿದ್ದರೆ ಆತ ಇವತ್ತು ಮತ್ತೆ ಎದುರಿಗೆ ಬಂದು ಕೂರುತ್ತಾನೆ. ಆ ಕೂರುವಿಕೆಗಿಂತ ಕಟುವಾದ ಮೇಷ್ಟ್ರು ಇಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ವೈದ್ಯಕೀಯ ಓದಲು ಬರುವ ಮಕ್ಕಳಲ್ಲಿ ಅನುಕಂಪ ಕಡಿಮೆಯಿರುವುದಿಲ್ಲ, ಓದುತ್ತಾ ಕಡಿಮೆಯಾಗುತ್ತದೆ. ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜಿನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದು ಇಳಿಯತೊಡಗುವುದು ಮೂರನೇ ವರ್ಷದಲ್ಲಿ, ಅಂದರೆ ವಿದ್ಯಾರ್ಥಿ ವಾರ್ಡಿಗೆ ಕಾಲಿಟ್ಟ ವರ್ಷದಲ್ಲೇ. ಆರು ವಾರಕ್ಕೊಮ್ಮೆ ಎಲ್ಲರನ್ನೂ ಬಿಟ್ಟು ಹೋಗಬೇಕಾದ ಕಡೆ ಯಾರನ್ನು ಎಷ್ಟು ಹಚ್ಚಿಕೊಳ್ಳುವುದು? ಬೆಡ್ ನಂಬರ್ ಹನ್ನೆರಡು ಎನ್ನುವುದು ರೂಢಿಯಾಗುತ್ತದೆ. ಹಾರ್ವರ್ಡ್ ವೈದ್ಯಕೀಯ ಶಾಲೆ ತನ್ನ ನೆರೆಯ ಕೇಂಬ್ರಿಜ್‌ನಲ್ಲಿ 2004ರಲ್ಲಿ ವರ್ಷವಿಡೀ ಅದೇ ರೋಗಿಗಳನ್ನು ಹಿಂಬಾಲಿಸುವ ಕ್ರಮ ಶುರು ಮಾಡಿದ್ದು ಇಂಥ ಚಿಂತೆಯಿಂದಲೇ. ಅದು ಹಳ್ಳಿಯಲ್ಲ, ನಗರವೇ. ಹಾಗಾಗಿ ಗುಟ್ಟು ಇರುವುದು ಹಸಿರು ಹೊಲದಲ್ಲಲ್ಲ, ಉಳಿಯುವುದರಲ್ಲಿ. ಹಳ್ಳಿಯಲ್ಲಿ ಉಳಿದರೆ ಹಳ್ಳಿಗೂ ಲಾಭ, ಅಷ್ಟೇ.

ಇತ್ತ ಆಸ್ಟ್ರೇಲಿಯಾ ಸರ್ಕಾರ 2000ದಿಂದೀಚೆಗೆ ದೇಶದ ವಿಶ್ವವಿದ್ಯಾಲಯಗಳಿಗೆ ಹಣ ಕೊಟ್ಟು ಗ್ರಾಮೀಣ ಕ್ಲಿನಿಕಲ್ ಶಾಲೆಗಳನ್ನು ಕಟ್ಟಿಸಿತು. ಸರ್ಕಾರದ ನೆರವಿನಲ್ಲಿ ಓದುವ ವಿದ್ಯಾರ್ಥಿಗಳಲ್ಲಿ ನಾಲ್ಕನೇ ಒಂದು ಭಾಗ ಕನಿಷ್ಠ ಒಂದು ವರ್ಷ ನಗರದಾಚೆ ಕಲಿಯಬೇಕು ಎಂಬ ಗುರಿ ಇಟ್ಟಿತು. 2017ರಲ್ಲಿ ದೇಶಕ್ಕೆ ಮೊದಲ ಗ್ರಾಮೀಣ ಆರೋಗ್ಯ ಆಯುಕ್ತರನ್ನು ನೇಮಿಸಿದಾಗ ಆ ಹುದ್ದೆಗೆ ಬಂದವರು ಅದೇ ಪಾಲ್ ವರ್ಲಿ.

ಬಾಕ್ಸ್: ಎಲ್ಲರಿಗೂ ಮೊದಲು ಮಿನ್ನೆಸೋಟಾ
*ಇಂಥ ಕಲಿಕೆಗೆ ದಾರಿ ಹಾಕಿದ್ದು ಅಮೆರಿಕದ ಮಿನ್ನೆಸೋಟಾ ರಾಜ್ಯ. ಹಳ್ಳಿಗಾಡಿಗೆ ಡಾಕ್ಟರಿಲ್ಲ ಎಂದು ಅಲ್ಲಿನ ಶಾಸನಸಭೆ ಪಟ್ಟು ಹಿಡಿದ ಮೇಲೆ ವಿಶ್ವವಿದ್ಯಾಲಯ 1971ರಲ್ಲಿ ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಒಂಬತ್ತು ತಿಂಗಳ ಮಟ್ಟಿಗೆ ಸಣ್ಣ ಊರಿನ ವೈದ್ಯರ ಜೊತೆ ಇರಿಸಿತು. ಐವತ್ತು ವರ್ಷ ದಾಟಿದರೂ ಅದು ನಡೆದುಬಂದಿದೆ. ಕೆನಡಾದ ಉತ್ತರ ಒಂಟಾರಿಯೋದಲ್ಲಿ 2005ರಲ್ಲಿ ತೆರೆದ ವೈದ್ಯಕೀಯ ಶಾಲೆ ಇನ್ನೂ ಮುಂದೆ ಹೋಯಿತು: ಅಲ್ಲಿ ಮೂರನೇ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ ಎಂಟು ತಿಂಗಳು ಸಣ್ಣ ಊರೊಂದರಲ್ಲಿರಬೇಕು. ಮೊದಲ ವರ್ಷದಲ್ಲೇ ನಾಲ್ಕು ವಾರ ಮೂಲನಿವಾಸಿಗಳ ಊರಿನಲ್ಲಿ ಇದ್ದು ಬಂದಿರಬೇಕು.*

ನಮ್ಮಲ್ಲಿ ಮಾತು ಹಳೆಯದು

ನಮ್ಮ ದೇಶಕ್ಕೆ ಇದು ಹೊರಗಿನಿಂದ ಬಂದ ಯೋಚನೆಯಲ್ಲ. ಸ್ವಾತಂತ್ರ್ಯಕ್ಕೂ ಮೊದಲು, 1946ರಲ್ಲಿ ಭೋರ್ ಸಮಿತಿ ಸಮಾಜವನ್ನು ಅರಿತ ವೈದ್ಯರು ಬೇಕು, ಅದಕ್ಕೆ ತಕ್ಕ ತರಬೇತಿ ಕೊಡಬೇಕು ಎಂದಿತ್ತು. 1975ರಲ್ಲಿ ಶ್ರೀವಾಸ್ತವ ಸಮಿತಿ ಅದನ್ನೇ ಇನ್ನಷ್ಟು ಒತ್ತಿ ಹೇಳಿತು. 1977ರಲ್ಲಿ ಕೇಂದ್ರ ಸರ್ಕಾರ ‘ರೋಮ್’ ಯೋಜನೆ ತಂದು, ಪ್ರತಿ ವೈದ್ಯಕೀಯ ಕಾಲೇಜೂ ಮೂರು ಬ್ಲಾಕುಗಳ ಹೊಣೆ ಹೊರಬೇಕು ಎಂದು ಗೊತ್ತುಮಾಡಿತು. ವಾಹನಗಳು ಬಂದವು, ಆದೇಶಗಳು ಹೊರಟವು. ಆದರೆ ಮೆಡಿಸಿನ್, ಸರ್ಜರಿ ಪ್ರೊಫೆಸರುಗಳು ವಾರ್ಡಿನಲ್ಲೇ ಉಳಿದರು. ಹಳ್ಳಿ ಕಮ್ಯುನಿಟಿ ಮೆಡಿಸಿನ್ ಎಂಬ ಒಂದು ವಿಭಾಗದವರ ಪಾಲಿನ ಕೆಲಸವಾಯಿತು. ಯೋಜನೆ ಸೊರಗಿದ್ದು ಅಲ್ಲಿ.

ಸೊರಗದೆ ಉಳಿದ ಕಡೆಗಳೂ ಇವೆ. ಗಾಂಧೀ ಶತಮಾನೋತ್ಸವದ ವರ್ಷ, 1969ರಲ್ಲಿ, ವಾರ್ಧಾ ಬಳಿಯ ಸೇವಾಗ್ರಾಮದಲ್ಲಿ ಡಾ. ಸುಶೀಲಾ ನಯ್ಯರ್ ವೈದ್ಯಕೀಯ ಕಾಲೇಜು ತೆರೆದರು. ಗಾಂಧೀಜಿಯ ವೈದ್ಯೆಯಾಗಿದ್ದವರು, ಕೇಂದ್ರದ ಆರೋಗ್ಯ ಸಚಿವೆಯಾಗಿದ್ದವರು. ಅಲ್ಲಿಗೆ ಸೇರಿದ ಮಕ್ಕಳು ಮೊದಲು ಆಶ್ರಮದಲ್ಲಿದ್ದು ನೂಲುವುದು, ಗುಡಿಸುವುದು ಕಲಿಯುತ್ತಾರೆ. ಪ್ರತಿ ಬ್ಯಾಚೂ ಒಂದು ಹಳ್ಳಿಯನ್ನು ತನ್ನದಾಗಿಸಿಕೊಳ್ಳುತ್ತದೆ. ಹದಿನೈದು ದಿನ ಅಲ್ಲೇ ತಂಗಿ, ತಮ್ಮ ಪಾಲಿಗೆ ಬಂದ ಮನೆಗಳ ಪರಿಚಯ ಮಾಡಿಕೊಂಡು, ಆಮೇಲೂ ಅಲ್ಲಿಗೆ ಹೋಗಿಬರುತ್ತಾರೆ. ವೆಲ್ಲೂರಿನ ಸಿಎಂಸಿಯ ಮಕ್ಕಳೂ ಮೊದಲ ವರ್ಷದಲ್ಲೇ ಹಳ್ಳಿಯಲ್ಲಿದ್ದು ಬರುತ್ತಾರೆ. ಪದವಿಯ ನಂತರ ಎರಡು ವರ್ಷ ಮಿಷನ್ ಆಸ್ಪತ್ರೆಗಳಲ್ಲಿ ದುಡಿಯುವ ಕರಾರು ಬೇರೆ.

ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿಗೆ ಸರ್ಜಾಪುರದಾಚೆಯ ಮುಗಳೂರು ಹೀಗೆಯೇ ಪಾಠಶಾಲೆ. ಅದೇ ಕಾಲೇಜು 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಊರ ಹಾಲಿನ ಸಹಕಾರ ಸಂಘದ ಜೊತೆ ಕೈಜೋಡಿಸಿ ಆರೋಗ್ಯ ಸಹಕಾರ ಸಂಘ ಕಟ್ಟಲು ನೆರವಾಯಿತು. ಹಾಲು ಹಾಕಿದವರ ಕಾಸಿನಲ್ಲೇ ಒಂದು ಪಾಲು ಊರಿನ ಚಿಕಿತ್ಸೆಗೆ ಹೋಗುತ್ತಿತ್ತು. ಅಲ್ಲಿಗೆ ಬಂದ ತರುಣ ವೈದ್ಯರಿಗೆ ಡಿಸ್ಪೆನ್ಸರಿಯ ಲೆಕ್ಕವೂ ಗೊತ್ತಾಯಿತು, ಹಸು ಬತ್ತಿದರೆ ಮಗುವಿಗೆ ಏನಾಗುತ್ತದೆ ಎಂಬುದೂ ಗೊತ್ತಾಯಿತು. ಕರ್ನಾಟಕದ ವೈದ್ಯಕೀಯ ಶಿಕ್ಷಣದ ಚರಿತ್ರೆ ಬರೆಯುವವರು ಮಳ್ಳೂರಿಗೆ ಒಂದು ಅಧ್ಯಾಯ ಕೊಡಲೇಬೇಕು.

78 ಗಂಟೆ

2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ‘ಕುಟುಂಬ ದತ್ತು’ ಕಾರ್ಯಕ್ರಮ ಜಾರಿಗೆ ತಂದಿತು. ಎಂಬಿಬಿಎಸ್ ಸೇರಿದ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ತೆಗೆದುಕೊಂಡು, ಓದು ಮುಂದುವರಿದಂತೆ ಅದೇ ಮನೆಗಳಿಗೆ ಹೋಗಿ ಅವರ ಆರೋಗ್ಯ ವಿಚಾರಿಸಬೇಕು. ಸೇವಾಗ್ರಾಮದ ಬುದ್ಧಿ ದೇಶದ ಎಲ್ಲ ಕಾಲೇಜುಗಳಿಗೂ ಹರಡಿದಂತೆ. ಇದು ಒಳ್ಳೆಯ ಹೆಜ್ಜೆ, ಅನುಮಾನವಿಲ್ಲ.

ಆದರೆ ಪಠ್ಯಕ್ರಮದ ಕೋಷ್ಟಕ ನೋಡಿ. ಮೊದಲ ಹಂತದಲ್ಲಿ 27 ಗಂಟೆ, ಎರಡನೇ ಹಂತದಲ್ಲಿ 30, ಮೂರನೆಯದರಲ್ಲಿ 21. ಒಟ್ಟು 78 ಗಂಟೆ. ನಾಲ್ಕೂವರೆ ವರ್ಷದ ಓದಿನಲ್ಲಿ, ಒಟ್ಟುಗೂಡಿಸಿದರೆ ಮೂರು ಹಗಲು ಮೂರು ರಾತ್ರಿಗಿಂತ ತುಸು ಹೆಚ್ಚು.

ಆ ಗಂಟೆಗಳು ಹೇಗೆ ಕಳೆಯುತ್ತವೆ ಎಂಬುದು ಕಾಲೇಜು ಬಸ್ಸು ಬರುವ ಹಳ್ಳಿಯವರಿಗೆಲ್ಲ ಗೊತ್ತು. ಬಿಳಿ ಏಪ್ರನ್ನಿನ ಮಕ್ಕಳು ಅರಳಿಕಟ್ಟೆಯ ಬಳಿ ಇಳಿಯುತ್ತಾರೆ. ಆಶಾ ಕಾರ್ಯಕರ್ತೆ ಮನೆ ತೋರಿಸುತ್ತಾರೆ. ‘ಯಜಮಾನರ ಹೆಸರೇನು, ಎಷ್ಟು ಜನ, ಒಲೆ ಯಾವುದು, ನೀರು ಎಲ್ಲಿಂದ’ ಎಂದು ಫಾರಂ ತುಂಬುತ್ತದೆ. ಬಿ.ಪಿ., ಶುಗರ್ ನೋಡುತ್ತಾರೆ. ಜಗಲಿಯ ಮೇಲೆ ಕುಳಿತ ಅಜ್ಜಿ ಮೊಣಕಾಲು ತೋರಿಸುತ್ತಾಳೆ. ಯುವಕರು ಕೂಲಿಗೆ ಹೋಗಿರುತ್ತಾರೆ, ಸೊಸೆ ಬಾಗಿಲ ಸಂದಿಯಿಂದ ನೋಡುತ್ತಾಳೆ, ಮಾತಾಡುವುದಿಲ್ಲ. ಅವಳಿಗೆ ಹೇಳಿಕೊಳ್ಳಲು ಇರುವುದು ಅತ್ತೆಯ ಮುಂದೆ ಹೇಳುವಂಥದ್ದಲ್ಲ. ಹೊತ್ತಾಯಿತೆಂದು ಬಸ್ಸು ಹಾರನ್ ಮಾಡುತ್ತದೆ.

ಮಕ್ಕಳ ತಪ್ಪಿಲ್ಲ, ಮೇಷ್ಟ್ರುಗಳ ತಪ್ಪೂ ಇಲ್ಲ. ಒಂದು ಭೇಟಿಯ ಮೂರು ಗಂಟೆಯಲ್ಲಿ ಆಗುವುದೇ ಅಷ್ಟು. ಆ ಸೊಸೆ ಬಾಯಿ ಬಿಡಬೇಕಾದರೆ ಕೇಳುವವಳು ಅದೇ ಊರಿನ ನಲ್ಲಿಯ ಬಳಿ, ಸಂತೆಯಲ್ಲಿ, ಅಂಗನವಾಡಿಯಲ್ಲಿ ಹತ್ತಾರು ಸಲ ಕಣ್ಣಿಗೆ ಬಿದ್ದಿರಬೇಕು.

ಪದವಿಯ ಕೊನೆಗೆ ಹೌಸ್ ಸರ್ಜನ್ಸಿಯಲ್ಲಿ ಕಮ್ಯುನಿಟಿ ಮೆಡಿಸಿನ್‌ಗೆ ಮೂರು ತಿಂಗಳಿವೆ. ಆ ಹೊತ್ತಿಗೆ ಕಣ್ಣೆಲ್ಲ ನೀಟ್ ಪಿಜಿ ಮೇಲೆ. ಅದಾದ ಮೇಲೆ ಕರ್ನಾಟಕದಲ್ಲಿ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆಯಿದೆ, 2012ರದು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವರಿದ್ದಾರೆ. ತರುಣ ವೈದ್ಯರ ಅಸಮಾಧಾನದಲ್ಲಿ ನ್ಯಾಯವಿದೆ ಎಂದು ನನಗೆ ಅನ್ನಿಸುತ್ತದೆ: ಓದುವಾಗ ಒಂದು ಇರುಳೂ ಹಳ್ಳಿಯಲ್ಲಿ ಇರಿಸದೆ, ಓದು ಮುಗಿದ ಮರುದಿನ ಒಬ್ಬಂಟಿಯಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಹೋಗಿ ನಿಲ್ಲು ಎಂದರೆ ಭಯವಾಗದೆ ಇನ್ನೇನು? ಜೊತೆಗೆ ಹಿರಿಯರಿದ್ದು ಕಲಿಸುವಾಗ ಕಳಿಸಬೇಕಾದವರನ್ನು, ಕಲಿಸುವವರೇ ಇಲ್ಲದ ಹೊತ್ತಿನಲ್ಲಿ ಕಳಿಸುತ್ತಿದ್ದೇವೆ.

ಗಾಜಿನ ಕೊಳವೆ ಮತ್ತು ಇಪ್ಪತ್ತು ನಿಮಿಷ

ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ವರ್ಷ ಉಳಿದರೆ ನಮ್ಮ ವಿದ್ಯಾರ್ಥಿಗೆ ಸಿಗುವುದೇನು? ಹಾವು ಕಡಿತವನ್ನೇ ತೆಗೆದುಕೊಳ್ಳಿ.

ಭತ್ತದ ಕೊಯ್ಲಿನ ಸಂಜೆ ಗದ್ದೆಯಿಂದ ಒಬ್ಬನನ್ನು ಕರೆತರುತ್ತಾರೆ. ಕಾಲಿಗೆ ಬಿಗಿಯಾಗಿ ಪಂಚೆಯ ಅಂಚು ಕಟ್ಟಿದ್ದಾರೆ, ಮೇಲೆ ಯಾವುದೋ ಸೊಪ್ಪಿನ ರಸ. ಯಾವ ಹಾವೆಂದು ನೋಡಿದವರಿಲ್ಲ. ಡಾಕ್ಟರು ಒಂದು ಹೊಸ, ಒಣಗಿದ ಗಾಜಿನ ಕೊಳವೆ ತೆಗೆದುಕೊಂಡು ಎರಡು ಎಂ.ಎಲ್. ರಕ್ತ ಹಾಕಿ ಅಲುಗಾಡಿಸದೆ ನಿಲ್ಲಿಸುತ್ತಾರೆ. ಇಪ್ಪತ್ತು ನಿಮಿಷ ಕಾಯಬೇಕು. ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ರಕ್ತ ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ಉಸಿರು ಬಿಡಬಹುದು, ಆದರೂ ಕಣ್ಣು ತೆಗೆಯುವಂತಿಲ್ಲ. ನೀರಿನಂತೆ ಹರಿದರೆ ಕೊಳಕುಮಂಡಲವೋ ಗರಗಸ ಮಂಡಲವೋ ಕಚ್ಚಿದೆ ಎಂದರ್ಥ. ತಕ್ಷಣ ಪ್ರತಿವಿಷ ಏರಿಸಬೇಕು. ಪ್ರತಿವಿಷಕ್ಕೇ ಮೈ ಒಗ್ಗದೆ ಉಬ್ಬಸ ಬರಬಹುದು, ಬಿ.ಪಿ. ಇಳಿಯಬಹುದು. ಅಡ್ರಿನಲಿನ್ ಸೂಜಿ ಕೈಯಳತೆಯಲ್ಲಿರಬೇಕು.

ಲ್ಯಾಬು ಬೇಡ, ಯಂತ್ರ ಬೇಡ. ಬೇಕಾದ್ದು ಒಂದು ಕೊಳವೆ, ಗಡಿಯಾರ, ಮತ್ತು ಆ ಇಪ್ಪತ್ತು ನಿಮಿಷ ಮನೆಯವರ ಕಣ್ಣೆದುರು ನಿಲ್ಲುವ ಧೈರ್ಯ. ಕೊನೆಯದನ್ನು ಪುಸ್ತಕದಿಂದ ಕಲಿಯಲಾಗದು. ನಗರದ ಬೋಧನಾ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗೆ ಇದೇ ಮನುಷ್ಯ ಸಿಕ್ಕುವುದು ದಿನಗಳಾದ ಮೇಲೆ, ಡಯಾಲಿಸಿಸ್ ಮಂಚದ ಮೇಲೆ, ಕಿಡ್ನಿ ಕೆಟ್ಟ ಕೇಸಾಗಿ. ಜೀವ ಉಳಿಸುವ ಮೊದಲ ಗಂಟೆಯ ವಿದ್ಯೆ ತಾಲ್ಲೂಕಿನಲ್ಲಿದೆ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಮಸ್ಯೆಯೆಂದು ಕರ್ನಾಟಕ 2024ರಲ್ಲಿ ಘೋಷಿಸಿದೆ. ಅದನ್ನು ಮೊದಲ ಗಂಟೆಯಲ್ಲಿ ನೋಡಿದ ವಿದ್ಯಾರ್ಥಿಗಳು ಬೇಕಲ್ಲವೇ?

ಮಂಗನ ಕಾಯಿಲೆಯೂ ಹಾಗೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ, ಜಗತ್ತಿನ ಪಠ್ಯಪುಸ್ತಕಗಳಲ್ಲಿ ಆ ಕಾಡಿನ ಹೆಸರನ್ನೇ ಹೊತ್ತಿದೆ. ಪುಸ್ತಕದಲ್ಲಿ ಅದಕ್ಕಿರುವುದು ಒಂದೆರಡು ಪ್ಯಾರಾ. ಬೇಸಿಗೆಗೆ ಮುನ್ನ ದರಕು ತರಲು ಕಾಡಿಗೆ ಹೋದವರು, ಸತ್ತುಬಿದ್ದ ಮಂಗ, ಉಣುಗು, ಆಮೇಲೆ ಬಂದ ಜ್ವರ ಇವೆಲ್ಲ ಒಂದೇ ಸರಪಳಿ ಎಂದು ತಿಳಿಯಲು ಒಂದು ಚಳಿಗಾಲ, ಒಂದು ಬೇಸಿಗೆ ಮಲೆನಾಡಿನಲ್ಲಿ ಕಳೆಯಬೇಕು. ಪಾವಗಡದಲ್ಲಿ ಫ್ಲೋರೈಡ್ ನೀರು, ಬಯಲುಸೀಮೆಯಲ್ಲಿ ಕೀಟನಾಶಕ. ತಾಲ್ಲೂಕಿಗೊಂದು ಪಠ್ಯ ನಮ್ಮ ರಾಜ್ಯದಲ್ಲಿದೆ, ತೆರೆದು ಓದುವವರಿಲ್ಲ.

ಬಾಕ್ಸ್: ಜಪಾನಿನ ಒಂಬತ್ತು ವರ್ಷ
*1972ರಲ್ಲಿ ಆರಂಭವಾದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯವನ್ನು ಕಟ್ಟಿದ್ದು ಜಪಾನಿನ ಪ್ರಾಂತ್ಯಗಳೇ ಸೇರಿ. ಪ್ರತಿ ಪ್ರಾಂತ್ಯವೂ ತನ್ನ ಮಕ್ಕಳನ್ನು ಆರಿಸಿ ಕಳಿಸುತ್ತದೆ. ಪದವಿಯ ನಂತರ ಸುಮಾರು ಒಂಬತ್ತು ವರ್ಷ ತಮ್ಮ ಪ್ರಾಂತ್ಯದಲ್ಲಿ ಹೇಳಿದ ಕಡೆ ದುಡಿದರೆ ಓದಿನ ಸಾಲ ಮನ್ನಾ. ವಿಶ್ವ ಆರೋಗ್ಯ ಸಂಸ್ಥೆಯ 2010 ಮತ್ತು 2021ರ ಮಾರ್ಗಸೂಚಿಗಳೂ ಇದೇ ದಿಕ್ಕಿನವು: ಹಳ್ಳಿಯ ಮಕ್ಕಳನ್ನು ಸೇರಿಸಿಕೊಳ್ಳಿ, ಹಳ್ಳಿಗೆ ಹತ್ತಿರದಲ್ಲಿ ಕಲಿಸಿ, ಓದಿನ ನಡುವೆಯೇ ಅಲ್ಲಿ ಇರಿಸಿ.*

ಅಡ್ಡಿಗಳು ನಿಜ

ಸುಲಭವೆಂದು ಯಾರೂ ಹೇಳಲಾರರು. ತಾಲ್ಲೂಕು ಆಸ್ಪತ್ರೆಗಳಲ್ಲಿ ತಜ್ಞರ ಹುದ್ದೆಗಳು ಖಾಲಿ ಬಿದ್ದಿರುತ್ತವೆ. ಇರುವ ಒಬ್ಬ ಸ್ತ್ರೀರೋಗ ತಜ್ಞೆಗೆ ಹೆರಿಗೆ, ಕ್ಯಾಂಪು, ಮೀಟಿಂಗು ಮುಗಿಸಿ ಉಸಿರಾಡಲೂ ಪುರುಸೊತ್ತಿಲ್ಲ. ಅವರಿಗೆ ಕಲಿಸು ಎಂದು ಆದೇಶ ಕಳಿಸಿದರೆ ಅದು ಕಡತದಲ್ಲೇ ಉಳಿಯುತ್ತದೆ. ವಿದೇಶಗಳಲ್ಲಿ ಈ ಕ್ರಮ ನಿಂತದ್ದು ಊರಿನ ಡಾಕ್ಟರಿಗೆ ವಿಶ್ವವಿದ್ಯಾಲಯ ಅಧ್ಯಾಪಕರ ಸ್ಥಾನವನ್ನೂ, ಕಲಿಸಿದ ಹೊತ್ತಿಗೆ ದುಡ್ಡನ್ನೂ ಕೊಟ್ಟಿದ್ದರಿಂದ. ನಮ್ಮಲ್ಲೂ ತಾಲ್ಲೂಕಿನ ಒಳ್ಳೆಯ ಡಾಕ್ಟರು ಪ್ರೊಫೆಸರ್ ಎನಿಸಿಕೊಳ್ಳಲಿ.

ಹುಡುಗಿಯರ ಸುರಕ್ಷತೆ ಎಲ್ಲಕ್ಕಿಂತ ಮೊದಲ ಪ್ರಶ್ನೆ. ಆಸ್ಪತ್ರೆ ಆವರಣದಲ್ಲೇ ಬೀಗ, ಬೆಳಕು, ನೀರು, ಇಂಟರ್ನೆಟ್ ಇರುವ ಹಾಸ್ಟೆಲ್ ಆಗದೆ ಒಬ್ಬ ವಿದ್ಯಾರ್ಥಿಯನ್ನೂ ಕಳಿಸಬಾರದು. ಒಬ್ಬರನ್ನೇ ಕಳಿಸಲೂಬಾರದು, ಮೂರು ನಾಲ್ಕು ಮಂದಿ ಜೊತೆಗಿರಬೇಕು. ಎಲ್ಲರಿಗೂ ಕಡ್ಡಾಯ ಮಾಡುವುದೂ ಬೇಡ. ಮನಸ್ಸಿದ್ದು ಮುಂದೆ ಬಂದವರಿಂದ ಶುರುವಾಗಲಿ. ಹಳ್ಳಿಯಿಂದಲೇ ಓದಲು ಬಂದ ಮಕ್ಕಳಿಗೆ ಮೊದಲ ಅವಕಾಶ ಸಿಗಲಿ. ಮತ್ತೆ ಹಳ್ಳಿಗೆ ಹೋಗಿ ನಿಲ್ಲುವವರಲ್ಲಿ ಅವರ ಪಾಲೇ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ.

ಇನ್ನು ‘ನಮ್ಮ ಜನ ವಿದ್ಯಾರ್ಥಿಯ ಕೈಗೆ ಮೈ ಕೊಡುವುದಿಲ್ಲ’ ಎಂಬ ಮಾತು. ನಾನಿದನ್ನು ಒಪ್ಪುವುದಿಲ್ಲ. ಬೋಧನಾ ಆಸ್ಪತ್ರೆಗಳಲ್ಲಿ ಬಡವರು ಕೇಳದೆಯೇ ಕೊಡುತ್ತಿದ್ದಾರೆ. ಇಲ್ಲಿ ಅವರನ್ನು ಕೇಳಿ, ಒಪ್ಪಿಗೆ ಪಡೆದು, ಅವರ ಹೆಸರು ಹಿಡಿದು ಮಾತಾಡಿಸಲಾಗುತ್ತದೆ. ವರ್ಷವಿಡೀ ಅದೇ ಮುಖ ಎದುರಿಗಿರುತ್ತದೆ. ಎರಡರಲ್ಲಿ ಯಾವುದು ಮರ್ಯಾದೆಯದು ಎಂದು ರೋಗಿಯೇ ಹೇಳಬಲ್ಲ.

ದಾರಿ ಅರ್ಧ ತೆರೆದೇ ಇದೆ. ಪಿಜಿ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಕಲಿಯಬೇಕೆಂಬ ‘ಡಿಸ್ಟ್ರಿಕ್ಟ್ ರೆಸಿಡೆನ್ಸಿ’ ನಿಯಮ 2020ರಲ್ಲೇ ಬಂದಿದೆ. ಕಾಲೇಜಿನಾಚೆಯ ಸರ್ಕಾರಿ ಆಸ್ಪತ್ರೆಯಲ್ಲಿ ಕಲಿತದ್ದೂ ಕಲಿಕೆಯೇ ಎಂದು ನಿಯಮ ಒಪ್ಪಿಕೊಂಡಾಗಿದೆ. ಕುಟುಂಬ ದತ್ತು ಮೂಲಕ ಹಳ್ಳಿಯ ಪರಿಚಯವೂ ಆಗಿದೆ. ಇವೆರಡನ್ನೂ ಜೋಡಿಸಿ, ಎಂಬಿಬಿಎಸ್‌ನ ಒಂದು ಪೂರ್ತಿ ವರ್ಷವನ್ನು ತಾಲ್ಲೂಕು ಆಸ್ಪತ್ರೆಗೂ ಅದರ ಸುತ್ತಲ ಪಿಎಚ್‌ಸಿಗಳಿಗೂ ಕೊಡುವುದಷ್ಟೇ ಉಳಿದಿರುವ ಕೆಲಸ.

ಅದಕ್ಕೆ ಹೊಸ ಕಾನೂನು ಬೇಕಿಲ್ಲ; ರಾಷ್ಟ್ರೀಯ ವೈದ್ಯಕೀಯ ಆಯೋಗದ ಅನುಮತಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮನಸ್ಸು, ಆರೋಗ್ಯ ಇಲಾಖೆಯ ಒಂದು ಹಾಸ್ಟೆಲ್ ಸಾಕು. ರಾಜ್ಯದ ಒಂದೇ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು, ಒಂದೇ ಒಂದು ತಾಲ್ಲೂಕು ಆಸ್ಪತ್ರೆಯನ್ನು ಆರಿಸಿಕೊಂಡು, ಮನಸ್ಸಿರುವ ಕೆಲವೇ ಮಕ್ಕಳೊಂದಿಗೆ ಮುಂದಿನ ವರ್ಷ ಇದನ್ನು ಶುರು ಮಾಡಲಿ. ಅವರೂ ಅದೇ ಪರೀಕ್ಷೆ ಬರೆಯಲಿ. ಅಂಕಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಜನರ ಮುಂದಿಡಲಿ.